ಬಲವಂತದ ‘ಹೌದು’ ಒಪ್ಪಿಗೆಯಲ್ಲ



ಮಾನವ ಹಕ್ಕು ಎಂದೊಡನೆ ನಮಗೆ ನ್ಯಾಯಾಲಯ, ಸೆರೆಮನೆ, ಚುನಾವಣೆ ನೆನಪಾಗುತ್ತವೆ. ಆದರೆ ಸ್ವಾತಂತ್ರ್ಯವೆಂಬ ಮೂಲಭೂತ ಹಕ್ಕು ನಮ್ಮ ಮನೆಯೊಳಗೂ ಪರೀಕ್ಷೆಗೆ ಒಳಗಾಗುತ್ತದೆ. ಮಗಳ ಮದುವೆಯ ಮಾತುಕತೆ ನಡೆಯುವಾಗ, ಮಗನ ಜೀವನದ ಹಾದಿ ನಿರ್ಧಾರವಾಗುವಾಗ ನಾವು ಆ ಹಕ್ಕನ್ನು ಗೌರವಿಸುತ್ತೇವೆಯೇ?

ದೇವರು ಮನುಷ್ಯನನ್ನು ತಮ್ಮ ಸ್ವರೂಪದಲ್ಲಿ ಸೃಷ್ಟಿಸಿ, ಅವನಿಗೆ ಬುದ್ಧಿಯನ್ನೂ ಇಚ್ಛಾಶಕ್ತಿಯನ್ನೂ ಕೊಟ್ಟರು. ಆದ್ದರಿಂದ ಸ್ವಾತಂತ್ರ್ಯವು ಸರ್ಕಾರವಾಗಲಿ ತಂದೆತಾಯಿಗಳಾಗಲಿ ದಯಪಾಲಿಸಿದ ಉಡುಗೊರೆಯಲ್ಲ. ಅದು ಸೃಷ್ಟಿಕರ್ತರ ವರ. ಸಂತ ಲೂಕನ ಶುಭಸಂದೇಶದ ಮೊದಲ ಅಧ್ಯಾಯವನ್ನು ಓದಿ ನೋಡಿ. ದೇವದೂತನು ಮರಿಯಳ ಮುಂದೆ ದೇವರ ಯೋಜನೆಯನ್ನಿಟ್ಟನು. ಆಕೆ ಪ್ರಶ್ನೆ ಕೇಳಿದಳು, ಅದಕ್ಕೆ ಉತ್ತರವೂ ದೊರೆಯಿತು. ಆಕೆ ಮನಸಾರೆ ಒಪ್ಪಿದ ಮೇಲೆಯೇ ದೂತನು ಹೊರಟುಹೋದನು. ಲೋಕರಕ್ಷಣೆಯ ಕಾರ್ಯಕ್ಕೂ ದೇವರು ನಜರೇತಿನ ಒಬ್ಬ ಕನ್ಯೆಯ ಒಪ್ಪಿಗೆಯನ್ನು ಬಯಸಿದರೆಂದ ಮೇಲೆ, ಮಕ್ಕಳ ಒಪ್ಪಿಗೆ ಕೇಳದಿರಲು ನಾವು ಯಾರು?

ಧರ್ಮಸಭೆಯ ಬೋಧನೆ ಇಲ್ಲಿ ಬಹಳ ಸ್ಪಷ್ಟವಾಗಿದೆ. ಜಗದ್ಗುರು ಇಪ್ಪತ್ತಮೂರನೆಯ ಯೋವಾನ್ನರು 1963ರ ತಮ್ಮ ವಿಶ್ವಪತ್ರದಲ್ಲಿ, ಜೀವನದ ಅಂತಸ್ತನ್ನು ಸ್ವತಂತ್ರವಾಗಿ ಆರಿಸಿಕೊಳ್ಳುವುದನ್ನು ಮಾನವ ಹಕ್ಕುಗಳ ಸಾಲಿನಲ್ಲಿ ಸೇರಿಸಿದರು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 219ನೇ ನಿಯಮವೂ ಇದನ್ನೇ ಸಾರುತ್ತದೆ. ವಿವಾಹವಾಗುವುದು ವಧೂವರರ ಒಪ್ಪಿಗೆಯಿಂದ. ಬೇರೆ ಯಾರೂ ಅವರ ಬದಲಾಗಿ ಅದನ್ನು ಕೊಡಲಾರರು (1057ನೇ ನಿಯಮ). ಬಲವಂತದಿಂದ ಅಥವಾ ಹೊರಗಿನಿಂದ ಬಂದ ತೀವ್ರ ಭಯದಿಂದ ಆದ ವಿವಾಹ ವಿವಾಹವೇ ಅಲ್ಲ (1103ನೇ ನಿಯಮ). ಹೊಡೆತ ಬಡಿತ ಮಾತ್ರವೇ ಬಲವಂತವಲ್ಲ. “ಒಪ್ಪದಿದ್ದರೆ ನಾನು ವಿಷ ಕುಡಿಯುತ್ತೇನೆ” ಎಂಬ ತಾಯಿಯ ಮಾತು, “ಈ ಮನೆಯ ಬಾಗಿಲು ನಿನಗೆ ಮುಚ್ಚಿತು” ಎಂಬ ತಂದೆಯ ಮಾತು ಮಗಳ ಬಾಯಿಂದ ‘ಹೌದು’ ಎನಿಸಬಹುದು. ಪೀಠದ ಮುಂದೆ ನಾವು ವಧೂವರರನ್ನು, ನೀವು ಸ್ವಇಚ್ಛೆಯಿಂದ ಬಂದಿದ್ದೀರಾ ಎಂದು ಕೇಳುವುದು ಬರಿಯ ಶಾಸ್ತ್ರಕ್ಕಲ್ಲ.

ನಾಡಿನ ಕಾನೂನೂ ಇದಕ್ಕೆ ದನಿಗೂಡಿಸುತ್ತದೆ. 1948ರ ಡಿಸೆಂಬರ್ 10ರಂದು ವಿಶ್ವಸಂಸ್ಥೆ ಅಂಗೀಕರಿಸಿದ ಮಾನವ ಹಕ್ಕುಗಳ ಘೋಷಣೆಯ 16ನೇ ವಿಧಿಯು ವಧೂವರರ ಮುಕ್ತ, ಪೂರ್ಣ ಸಮ್ಮತಿಯಿದ್ದರೆ ಮಾತ್ರ ಮದುವೆ ಎನ್ನುತ್ತದೆ. ವಯಸ್ಕರು ತಮ್ಮ ಸಂಗಾತಿಯನ್ನು ಆರಿಸಿಕೊಳ್ಳುವ ಹಕ್ಕು ಸಂವಿಧಾನದ 21ನೇ ವಿಧಿಯಲ್ಲಿ ಅಡಕವಾಗಿದೆಯೆಂದು ನಮ್ಮ ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿಯಿತು.

ದೈವಕರೆಯ ವಿಷಯದಲ್ಲೂ ಹೀಗೆಯೇ. ಅಕ್ವಿನಾಸಿನ ಸಂತ ತೋಮಸರ ಮನೆಯವರಿಗೆ ಅವರು ಮೊಂಟೆ ಕ್ಯಾಸಿನೊ ಎಂಬ ಪ್ರಸಿದ್ಧ ಮಠದ ಅಧಿಪತಿಯಾಗಬೇಕೆಂಬ ಆಸೆ. ಅವರಾದರೋ ಭಿಕ್ಷೆಯಿಂದ ಬದುಕುತ್ತಿದ್ದ ದೊಮಿನಿಕನ್ ಸಭೆಯನ್ನು ಸೇರಿದರು. 1244ರಲ್ಲಿ ಸ್ವಂತ ಸಹೋದರರೇ ಅವರನ್ನು ದಾರಿಯಲ್ಲಿ ಹಿಡಿದರು. ಸುಮಾರು ಒಂದು ವರ್ಷ ಅವರು ಮನೆತನದ ಕೋಟೆಯಲ್ಲಿ ಬಂಧಿಯಾಗಿರಬೇಕಾಯಿತು. ಗಮನಿಸಿ: ಮನೆಯವರಿಗೆ ಅವರು ಸನ್ಯಾಸಿಯಾಗುವುದು ಬೇಡವಾಗಿರಲಿಲ್ಲ; ತಾವು ಹೇಳಿದ ಕಡೆ ಆಗಬೇಕಿತ್ತು, ಅಷ್ಟೆ. ಮಗಳು ಕನ್ಯಾಮಠಕ್ಕೆ ಹೋಗುತ್ತೇನೆಂದಾಗ ತಡೆಯುವವರೂ, ಹರಕೆ ಹೊತ್ತಿದ್ದೇನೆಂದು ಮನಸ್ಸಿಲ್ಲದ ಮಗನನ್ನು ಗುರುಮಠಕ್ಕೆ ತಳ್ಳುವವರೂ ಮಾಡುವ ತಪ್ಪು ಒಂದೇ. ಗುರುದೀಕ್ಷೆಗೆ ಯಾರನ್ನೂ ಯಾವ ಕಾರಣಕ್ಕೂ ಒತ್ತಾಯಿಸಕೂಡದೆಂದು 1026ನೇ ನಿಯಮ ಕಟ್ಟುನಿಟ್ಟಾಗಿ ಹೇಳುತ್ತದೆ.

“ಹಾಗಾದರೆ ಸ್ವಾಮಿ, ಹೆತ್ತವರು ಬಾಯಿ ಮುಚ್ಚಿಕೊಂಡು ಕೂರಬೇಕೆ?” ಎಂದು ನೀವು ಕೇಳಬಹುದು. ಖಂಡಿತ ಇಲ್ಲ. ಹೆತ್ತವರು ವಿವೇಕದ ಸಲಹೆ ನೀಡಬೇಕು, ಮಕ್ಕಳು ಅದನ್ನು ಮನಸ್ಸಿಟ್ಟು ಕೇಳಬೇಕು. ಆದರೆ ಹೆತ್ತವರು ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಒತ್ತಾಯಿಸಬಾರದು ಎಂಬುದು ಎರಡನೆಯ ವ್ಯಾಟಿಕನ್ ಮಹಾಸಭೆಯ ಬೋಧನೆ. ಹಿರಿಯರು ನೋಡಿದ ಸಂಬಂಧದಲ್ಲಿ ತಪ್ಪೇನಿಲ್ಲ. ವರನ ಗುಣ, ದುಡಿಮೆ, ಕುಡಿತದ ಚಟ, ಅವನ ವಿಶ್ವಾಸದ ಜೀವನ ಎಲ್ಲವನ್ನೂ ವಿಚಾರಿಸಿರಿ, ಮಕ್ಕಳ ಮುಂದಿಡಿರಿ. ಆಮೇಲೆ ಅವರ ಉತ್ತರಕ್ಕೆ ಕಾಯಿರಿ. ಆದರೆ ಜಾತಿಯ ಹೆಮ್ಮೆಗೆ, ಆಸ್ತಿಯ ಆಸೆಗೆ, ನಾಲ್ಕು ಜನ ಏನೆಂದಾರು ಎಂಬ ಅಂಜಿಕೆಗೆ ಸಲಹೆಯ ವೇಷ ತೊಡಿಸಬೇಡಿರಿ.

ಯುವಜನರೇ, ಮನಸ್ಸಿಗೆ ತೋಚಿದ್ದನ್ನೆಲ್ಲ ಮಾಡುವುದು ಸ್ವೇಚ್ಛೆ. ಒಳಿತನ್ನು ಅರಿತು, ಪ್ರಾರ್ಥಿಸಿ ಆರಿಸಿಕೊಳ್ಳುವುದು ಸ್ವಾತಂತ್ರ್ಯ. ಆರಿಸಿಕೊಂಡದ್ದಕ್ಕೆ ಹೊಣೆಯೂ ನಿಮ್ಮದೇ. ಇಷ್ಟವಿಲ್ಲದ ಮದುವೆ ನಿಮಗೆ ಗೊತ್ತಾಗಿದ್ದರೆ, ಮದುವೆಗೆ ಮುಂಚಿನ ವಿಚಾರಣೆಯಲ್ಲಿ ಗುರುಗಳು ಕೇಳಿದಾಗ ನಿಜ ಹೇಳಿರಿ. ಕರೆಯೋಲೆ ಹಂಚಿಯಾಗಿದ್ದರೂ, ಛತ್ರಕ್ಕೆ ಮುಂಗಡ ಕೊಟ್ಟಾಗಿದ್ದರೂ ‘ಇಲ್ಲ’ ಎನ್ನಲು ತಡವಾಗಿಲ್ಲ. ಹೋದ ಹಣವನ್ನು ಮತ್ತೆ ಸಂಪಾದಿಸಬಹುದು. ಒಲ್ಲದ ಮದುವೆಯಲ್ಲಿ ಸವೆದ ಬಾಳನ್ನು ಮರಳಿ ತರಲಾಗದು.

ಮನೆಯಲ್ಲಿ ಕೂಡಿ ಚಿಂತಿಸಲು:

1. ನಮ್ಮ ಮನೆಯಲ್ಲಿ ಮಕ್ಕಳು ಅಂಜದೆ ‘ಬೇಡ’ ಎನ್ನಬಲ್ಲರೇ?

2. ನಮ್ಮ ಸಲಹೆ ಅವರ ಒಳಿತಿಗೋ, ನಮ್ಮ ಪ್ರತಿಷ್ಠೆಗೋ?

3. ದೇವರು ಮರಿಯಳ ಉತ್ತರಕ್ಕಾಗಿ ಕಾದಂತೆ ನಾವೂ ಕಾಯುತ್ತೇವೆಯೇ?

ಈ ವಾರ ಕುಟುಂಬ ಪ್ರಾರ್ಥನೆಯ ನಂತರ ಹತ್ತು ನಿಮಿಷ ಮಕ್ಕಳ ಮಾತಿಗೆ ಮೀಸಲಿಡಿ. ಆ ಹತ್ತು ನಿಮಿಷ ನೀವು ಕೇಳುವವರಾಗಿರಿ.