ಸಾರಾಂಶ ಕೊನೆಗಿರಲಿ: ಹಳಗನ್ನಡ ಪದ್ಯಪಾಠದ ಒಂದು ಅನುಭವ

ಬೋಧನಾಭ್ಯಾಸದ ಎರಡನೆಯ ವಾರ ಹತ್ತನೆಯ ತರಗತಿಯಲ್ಲಿ ರನ್ನನ ‘ಗದಾಯುದ್ಧ’ದ ಪದ್ಯಭಾಗ ನನ್ನ ಪಾಲಿಗೆ ಬಂತು. ಪದವಿಯಲ್ಲಿ ಐಚ್ಛಿಕ ಕನ್ನಡ ಓದಿದ್ದರೂ ಆ ಕಾವ್ಯವನ್ನು ನಾನು ಗೈಡಿನ ಸಾರಾಂಶದಲ್ಲೇ ದಾಟಿದ್ದೆ. ಪಾಠವನ್ನೂ ಹಾಗೆಯೇ ಮಾಡಿದೆ: ಒಮ್ಮೆ ವಾಚನ, ಕೂಡಲೇ ಸಾರಾಂಶ, ಕಪ್ಪುಹಲಗೆಯ ಮೇಲೆ ಪದಗಳ ಅರ್ಥ. ಮಕ್ಕಳು ಸದ್ದಿಲ್ಲದೆ ಬರೆದುಕೊಂಡರು. ಕೊನೆಗೆ ಒಬ್ಬ ಹುಡುಗ, “ಮಿಸ್, ಅರ್ಥ ನೀವೇ ಹೇಳಿದ್ರಲ್ಲ, ಇನ್ನು ಪದ್ಯ ಯಾಕೆ ಓದ್ಬೇಕು?” ಎಂದ. ನನ್ನಲ್ಲಿ ಉತ್ತರವಿರಲಿಲ್ಲ.

ಆ ರಾತ್ರಿ ಗೈಡನ್ನು ಬದಿಗಿಟ್ಟು ಗಟ್ಟಿಯಾಗಿ ಓದಲು ಕುಳಿತೆ. ಒಂದೇ ಪದ್ಯಕ್ಕೆ ಮುಕ್ಕಾಲು ಗಂಟೆ ಹಿಡಿಯಿತು. ಸಂಧಿಯಾಗಿ ಬೆಸೆದ ಪದಗಳು ಒಂದು ಸಾಲಿನಿಂದ ಇನ್ನೊಂದಕ್ಕೆ ಹರಿಯುತ್ತವೆ; ಸಾಲಿನ ಕೊನೆಯಲ್ಲಿ ನಿಂತರೆ ಅರ್ಥ ಮುರಿಯುತ್ತದೆ. ಪದ ಬಿಡಿಸಿ, ಅರ್ಥಕ್ಕೆ ತಕ್ಕ ಕಡೆ ನಿಲ್ಲಿಸಿ ಓದಿದಾಗ ದುರ್ಯೋಧನನ ದನಿ ಕೇಳಿಸಿತು. ರನ್ನ ತನ್ನ ದೊರೆ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಬರೆದ ಕಾವ್ಯವಿದು; ‘ಸಾಹಸಭೀಮವಿಜಯ’ ಎಂಬುದು ಇದರ ಇನ್ನೊಂದು ಹೆಸರು. ಆದರೂ ತಮ್ಮಂದಿರನ್ನೂ ಕರ್ಣನನ್ನೂ ಕಳೆದುಕೊಂಡು ಸಂಧಿ ಬೇಡವೆನ್ನುವ ದುರ್ಯೋಧನನಿಗಾಗಿ ಮನಸ್ಸು ಕರಗಿತು. ಗೈಡಿನಲ್ಲಿ ಅವನು ಬರಿಯ ಹಠಮಾರಿಯಾಗಿದ್ದ.

ಮರುದಿನ ಪಾಠಯೋಜನೆ ಬದಲಿಸಿದೆ. ಹಲಗೆಯ ಮೇಲೆ ‘ಪಾಲ್, ಪುಲಿ, ಪಗೆ’ ಎಂದಷ್ಟೇ ಬರೆದೆ. ಹಿಂದಿನ ಬೆಂಚಿನಲ್ಲಿ ಎಂದೂ ಬಾಯಿ ತೆರೆಯದ ಹುಡುಗಿಯೊಬ್ಬಳು ಎದ್ದು, “ನಮ್ಮನೇಲಿ ತಮಿಳು ಮಿಸ್. ಹಾಲಿಗೆ ಪಾಲ್ ಅಂತೀವಿ, ಹುಲಿಗೆ ಪುಲಿ” ಎಂದಳು. ‘ಪಗೆ’ ಎಂದರೆ ಹಗೆ ಎಂದು ಉಳಿದವರೇ ಊಹಿಸಿದರು. ‘ಪ’ಕಾರ ‘ಹ’ಕಾರವಾಗುವುದನ್ನೂ ‘ಪಾಲ್’ನ ಕೊನೆಗೆ ಸ್ವರ ಸೇರಿ ‘ಹಾಲು’ ಆಗುವುದನ್ನೂ ಅವರೇ ಕಂಡುಕೊಂಡರು. “ಹಾಗಾದ್ರೆ ಪುತ್ರ ಹುತ್ರ ಆಗ್ಬೇಕಲ್ವಾ?” ಎಂದು ಒಬ್ಬ ಕೇಳಿದ. ತರಗತಿ ನಕ್ಕಿತು. ‘ಪುತ್ರ’ದಂಥ ಸಂಸ್ಕೃತ ಪದಗಳಿಗೆ ಈ ಬದಲಾವಣೆ ಇಲ್ಲವೆಂದು ಹೇಳಲು ಅದೇ ಅವಕಾಶವಾಯಿತು.

ಅನಂತರ ಕೇಳಿದ್ದು ಒಂದೇ ಪ್ರಶ್ನೆ: “ಇಷ್ಟು ಜನರನ್ನು ಕಳೆದುಕೊಂಡ ಮೇಲೂ ಇವನು ಸಂಧಿಗೆ ಏಕೆ ಒಪ್ಪುವುದಿಲ್ಲ? ಉತ್ತರ ಕೊಡುವ ಪದವನ್ನು ಪದ್ಯದಲ್ಲೇ ತೋರಿಸಿ.” ಅಹಂಕಾರವೆಂದು ಕೆಲವರು, ಸತ್ತವರ ಮೇಲಿನ ಪ್ರೀತಿಯೆಂದು ಕೆಲವರು ಪುಸ್ತಕದ ಮೇಲೆ ಬೆರಳಿಟ್ಟು ವಾದಿಸಿದರು. ಮೊದಲ ದಿನ ಪ್ರಶ್ನೆ ಕೇಳಿದ ಹುಡುಗ ಪದ್ಯವನ್ನು ಮೂರು ಬಾರಿ ಓದಿದ.

“ಅವಧಿಯಲ್ಲಿ ಒಂದೇ ಪದ್ಯ ಮುಗಿದಿದೆ” ಎಂದು ಅವಲೋಕಕರು ಬರೆದರು. ಅದು ನಿಜ. ಎಲ್ಲ ಪದ್ಯಗಳಿಗೂ ಇಷ್ಟು ಸಮಯ ಸಿಗುವುದಿಲ್ಲ. ಕಿರುಪರೀಕ್ಷೆಯಲ್ಲಿ ಕೆಲವರು ಗೈಡಿನ ವಾಕ್ಯಗಳನ್ನೇ ಬರೆದರು. ಆದರೂ ಪ್ರತಿ ಪಾಠದಲ್ಲಿ ಒಂದು ಪದ್ಯವನ್ನಾದರೂ ಮಕ್ಕಳೇ ತಡವರಿಸಿ ಬಿಡಿಸಲಿ ಎಂದು ಸಹಪ್ರಶಿಕ್ಷಣಾರ್ಥಿಗಳಲ್ಲಿ ನನ್ನ ಮನವಿ. ಸಾರಾಂಶವನ್ನು ಕೊನೆಯಲ್ಲಿ ಹೇಳೋಣ. ಅದಕ್ಕೂ ಮೊದಲು, ಆ ಪದ್ಯವನ್ನು ನಾವು ಓದಿರೋಣ.