'ಯಶೋಧರ ಚರಿತೆ'ಯಲ್ಲಿ ಹಿಂಸೆ, ಸಂಕಲ್ಪ ಮತ್ತು ಕ್ಷಮೆ

ಜನ್ನನ 'ಯಶೋಧರ ಚರಿತೆ'ಯನ್ನು (1209) ಸಂಕಲ್ಪಹಿಂಸೆಯ ಕಾವ್ಯವೆಂದು ಓದುವುದು ರೂಢಿ. ಕಡಿದದ್ದು ಹಿಟ್ಟಿನ ಕೋಳಿಯಾದರೂ ಕೊಲ್ಲುವ ಭಾವವಿದ್ದುದರಿಂದ ಪಾಪ ಅಂಟಿತು ಎಂಬುದು ಈ ಓದಿನ ಸಾರ. ದ್ರವ್ಯಹಿಂಸೆ, ಭಾವಹಿಂಸೆಗಳೆಂಬ ಜೈನ ವಿಂಗಡಣೆ ಇದಕ್ಕೆ ಆಧಾರ. ಆದರೆ ಇಲ್ಲೊಂದು ತೊಡಕಿದೆ. ಜೀವಬಲಿ ಕೊಡೆಂದ ತಾಯಿ ಚಂದ್ರಮತಿಯ ಮಾತನ್ನು ಯಶೋಧರ ಒಪ್ಪಲಿಲ್ಲ. ಹಿಟ್ಟಿನ ಕೋಳಿ ಅವರಿಬ್ಬರ ನಡುವಿನ ರಾಜಿ. ಜೀವ ಉಳಿಸಲೆಂದೇ ಹೊರಟವನಲ್ಲಿ ಕೊಲ್ಲುವ ಭಾವ ಎಲ್ಲಿಂದ ಬಂತು?

ಉತ್ತರಕ್ಕಾಗಿ ಬಲಿಗೆ ಮುಂಚಿನ ಘಟನೆಗಳನ್ನು ಗಮನಿಸಬೇಕು. ಮಾವುತನೊಡನಿದ್ದ ಅಮೃತಮತಿಯನ್ನು ಕಂಡು ಕತ್ತಿಯೆತ್ತಿದ ಅರಸ ತನ್ನನ್ನು ತಾನೇ ತಡೆದುಕೊಳ್ಳುತ್ತಾನೆ. ಇದು ಸಂಯಮವೇ ಹೊರತು ಕ್ಷಮೆಯಲ್ಲ. ಅನಂತರ ಸರಸದ ನೆಪದಲ್ಲಿ ಅವಳನ್ನು ಹೂವಿನಿಂದ ಹೊಡೆಯುತ್ತಾನೆ. ಕಂಡದ್ದನ್ನು ಬಚ್ಚಿಟ್ಟು ತಾಯಿಯೆದುರು ಕೆಟ್ಟ ಕನಸಿನ ಮಾತಾಡುತ್ತಾನೆ. ಶಾಂತಿಬಲಿಯ ಸಲಹೆ ಹುಟ್ಟುವುದು ಆ ಸುಳ್ಳಿನಿಂದಲೇ. ಹೆಂಡತಿಯ ಮೇಲೆ ಬೀಳದೆ ಉಳಿದ ಏಟು ಮೊದಲು ಹೂವಾಗಿ, ಬಳಿಕ ಹಿಟ್ಟಿನ ಕೋಳಿಯ ಮೇಲೆ ಕತ್ತಿಯಾಗಿ ಇಳಿಯುತ್ತದೆ. ಕಡಿದ ಕೋಳಿ ಕೂಗಿಕೊಳ್ಳುವುದನ್ನು ಅದುಮಿಟ್ಟ ಆ ಹಿಂಸೆಯ ದನಿಯೆಂದೂ ಅರ್ಥೈಸಬಹುದು.

ತಾಯಿಮಕ್ಕಳು ಅಮೃತಮತಿಯ ವಿಷಕ್ಕೆ ಬಲಿಯಾಗಿ, ಪ್ರಾಣಿಜನ್ಮಗಳನ್ನು ದಾಟಿ, ಅಭಯರುಚಿ-ಅಭಯಮತಿಯರಾಗಿ ಹುಟ್ಟುತ್ತಾರೆ. ಚಂಡಮಾರಿಯ ಗುಡಿಯಲ್ಲಿ ಅವರನ್ನು ಬಲಿಕೊಡಲು ಮಾರಿದತ್ತ ಸಿದ್ಧನಾಗಿದ್ದಾನೆ. ಆದರೆ ಈ ಸಲ ಕತ್ತಿಯನ್ನು ತಡೆಯುವುದು ಮೌನವಲ್ಲ, ಮಾತು. ಯಶೋಧರನಾಗಿ ತಾಯಿಗೂ ಹೇಳದೆ ಮರೆಸಿದ್ದನ್ನು ಅಭಯರುಚಿಯಾಗಿ ಅವನು ತನ್ನನ್ನು ಕೊಲ್ಲಹೊರಟವನಿಗೇ ತಿಳಿಸುತ್ತಾನೆ. ತನ್ನ ದೋಷವನ್ನೂ ಮುಚ್ಚಿಡುವುದಿಲ್ಲ. ಕೇಳಿದ ಮಾರಿದತ್ತ ಹಿಂಸೆಯನ್ನು ತೊರೆಯುತ್ತಾನೆ. ಹೀಗೆ ನೋಡಿದರೆ ಕಾವ್ಯದ ಕಥನಕ್ರಮವೇ ಅದರ ನೀತಿಯಾಗಿದೆ: ಸತ್ಯವನ್ನು ನುಡಿಯದೆ ಕ್ಷಮೆಗೆ ಎಡೆಯಿಲ್ಲ.

ಈ ನೀತಿಗೂ ಒಂದು ಮಿತಿಯಿದೆ. ಮುನಿಯ ಮೇಲೆ ನಾಯಿಗಳನ್ನು ಬಿಟ್ಟ ಯಶೋಮತಿಗೆ ಪಶ್ಚಾತ್ತಾಪದ ಅವಕಾಶ ದೊರೆಯುತ್ತದೆ. ಅಮೃತಮತಿಗೆ ದೊರೆಯುವುದು ನರಕ. ಆಕೆ ಇಬ್ಬರನ್ನು ಕೊಂದವಳು ಎಂಬುದು ನಿಜ. ಆದರೆ ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಎಡೆಯನ್ನು ಕಾವ್ಯ ಅವಳಿಗೆ ಕೊಡುವುದಿಲ್ಲ. ಅವಳ ಕೃತ್ಯವನ್ನು ಸಮರ್ಥಿಸದೆಯೂ ಈ ಮೌನವನ್ನು ಪ್ರಶ್ನಿಸಬಹುದು. ಜನ್ನನನ್ನು ತರಗತಿಯಲ್ಲಿ ಬೋಧಿಸುವಾಗ ಹಿಟ್ಟಿನ ಕೋಳಿಯ ಪಾಪದ ಜೊತೆಗೆ ಈ ಪ್ರಶ್ನೆಯನ್ನೂ ಎತ್ತುವುದು ಅಗತ್ಯ.