ಸೌದೆಗೆ ಬಿಸಿಲು ಕುಡಿಸು

ಬಸವ ಜಯಂತಿ ಮೆರವಣಿಗೆ ಮುಗಿಸಿಕೊಂಡು ನಿಮ್ಮ ಹಿತ್ತಲಿಗೆ ಬಂದಿದ್ದೆ ಕಣಪ್ಪ, ನೀನಿರಲಿಲ್ಲ. ಬೇಲಿಯ ಬಳ್ಳಾರಿ ಜಾಲಿ ಕಡಿಸಿ, ಬೊಡ್ಡೆಗಳನ್ನ ಹಾಗ್‌ಹಾಗೇ ಗೋಡೆಗೆ ಒತ್ತಿ ಪೇರಿಸಿ, ಮೇಲಿಂದ ಕೆಳಗಿನವರೆಗೂ ನೀಲಿ ಟಾರ್ಪಾಲು ಸುತ್ತಿದ್ದೀಯ. "ಚಳಿಗಾಲಕ್ಕೆ ಸೌದೆ ರೆಡಿ ದೊಡ್ಡಪ್ಪಾ" ಅಂತ ಫೋನಿನಲ್ಲಿ ಹೇಳಿದ್ದು ಇದನ್ನೇ ಅಂತ ಆಗ ಗೊತ್ತಾಯ್ತು. ತಂಗಿ ಕಾರ್ತಿಕದಲ್ಲಿ ಹೆರಿಗೆಗೆ ಬರ್ತಾಳೆ ಅಂತ ಈಗಲೇ ಯೋಚನೆ ಮಾಡಿದ್ದೀಯಲ್ಲ, ಸಂತೋಷ. ಆದರೆ ಅದು ಸೌದೆ ಅಲ್ಲ, ಇನ್ನೂ ಮರವೇ.

ಟಾರ್ಪಾಲಿನ ಮೂಲೆ ಎತ್ತಿದೆ. ಒಳಗೆಲ್ಲ ಬೆವರು, ಬೂಷ್ಟಿನ ವಾಸನೆ. ಎರಡು ತುಂಡು ತಗೊಂಡು ಒಂದಕ್ಕೊಂದು ಬಡಿದರೆ 'ದಬ್' ಅಂತು. ಒಣಗಿದ ಜಾಲಿ 'ಠಣ್' ಅನ್ನಬೇಕು. ಕಡಿದ ಮುಖದಲ್ಲಿ ಬಿರುಕು ಬಿಟ್ಟಿರಬೇಕು, ಉಗುರು ಹಾಕಿದರೆ ತೊಗಟೆ ಏಳಬೇಕು. ಹಸಿ ಮರದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ನೀರೇ ಇರುತ್ತೆ. 100 ಕೆಜಿ ಕೊಂಡರೆ 40-50 ಕೆಜಿ ನೀರಿಗೆ ದುಡ್ಡು ಕೊಟ್ಟ ಹಾಗಾಯ್ತು. ಆ ನೀರು ಆವಿಯಾಗಿ ಹೋಗೋವರೆಗೂ ಬೆಂಕಿಯ ಕಾವು ಹಂಡೆಗೆ ತಲುಪಲ್ಲ, ಸೌದೆ ಒಣಗಿಸೋದರಲ್ಲೇ ಖರ್ಚಾಗುತ್ತೆ. ತುದಿಯಲ್ಲಿ ನೊರೆ ಬಂದು ಸುಂಯ್ ಅನ್ನುತ್ತಲ್ಲ, ಅದೇ.

ಮಳೆ ಮುಗಿದ ಮೇಲೆ ಒಣಗಿಸಿದರಾಯ್ತು ಅಂತ ನೀನು ಅಂದುಕೊಂಡಿರಬಹುದು. ಮಲೆನಾಡಿನವರಿಗೆ ಆಷಾಢದ ಹೆದರಿಕೆ. ನಮ್ಮ ದುರ್ಗದ ಸೀಮೆಯಲ್ಲಿ ಮಳೆ ಕಮ್ಮಿ, ಬರೋದೂ ತಡ. ಸುರಿದರೆ ಸೆಪ್ಟೆಂಬರ್, ಅಕ್ಟೋಬರಿನಲ್ಲೇ. 1992ರಲ್ಲಿ ತರಳಬಾಳು ಮಠದ ಹಿರಿಯ ಜಗದ್ಗುರುಗಳು ಲಿಂಗೈಕ್ಯರಾದ ದಿನ ಅಂತ ಸೆಪ್ಟೆಂಬರ್ 24ಕ್ಕೆ ಮಠದಲ್ಲಿ ಶ್ರದ್ಧಾಂಜಲಿ ನಡೆಯುತ್ತಲ್ಲ, ಅದು ಉತ್ತರೆ ಮಳೆಯ ಕೊನೆ. ಆಮೇಲೆ ಹಸ್ತ, ಚಿತ್ತೆ, ಸ್ವಾತಿ. ಸ್ವಾತಿ ಕಳೆದು ತಿರುಗಿ ನೋಡೋಷ್ಟರಲ್ಲಿ ಚಳಿ ಬಂದು ಕೂತಿರುತ್ತೆ, ನಡುವೆ ಬಿಸಿಲಿಗೆ ಜಾಗವೇ ಇಲ್ಲ. ಅದೇ ಹೊತ್ತಿಗೆ ಭೀಮಸಮುದ್ರದ ಕಡೆ ಅಡಿಕೆ ಬೇಯಿಸೋರೂ ಸೌದೆಗೆ ಬೀಳ್ತಾರೆ. ಅವರ ಜೊತೆ ಪೈಪೋಟಿಗೆ ಇಳಿದು ಸೌದೆ ಕೊಳ್ಳೋದು ನಮ್ಮ ಕೈಲಾಗೋ ಮಾತಲ್ಲ. ನಮ್ಮಪ್ಪ ತರಳಬಾಳು ಹುಣ್ಣಿಮೆ ಮುಗಿಸಿ ಬಂದ ವಾರವೇ ಕೊಡಲಿ ಮಸೀತಿದ್ದ. ಆ ಲೆಕ್ಕದಲ್ಲಿ ನೀನು ಮೂರು ತಿಂಗಳು ತಡ. ಇರಲಿ, ರೋಹಿಣಿ ಮಳೆಗೆ ಇನ್ನೂ ದಿನವಿದೆ.

ಮೊದಲು ಆ ಟಾರ್ಪಾಲು ಕಿತ್ತು ಬಿಸಾಕು. ಬೊಡ್ಡೆ ಹಸಿ ಇರುವಾಗಲೇ ಸೀಳಿಸು, ಒಣಗಿದ ಮೇಲೆ ಜಾಲಿ ಕೊಡಲಿಗೆ ಬಗ್ಗಲ್ಲ. ತೋಳಿನ ದಪ್ಪಕ್ಕಿಂತ ದಪ್ಪ ಬೇಡ. ಕೆಳಗೆ ಕಲ್ಲಿಟ್ಟು, ನೆಲದಿಂದ ಗೇಣು ಎತ್ತರಿಸಿ, ಗೋಡೆಯಿಂದ ಮೊಳ ದೂರ ಬಿಟ್ಟು ಅಡ್ಡ-ಉದ್ದ ಒಟ್ಟು. ನೆಲಕ್ಕೆ ತಾಗಿದರೆ ಗೆದ್ದಲು ಹತ್ತುತ್ತೆ, ಗೋಡೆಗೆ ಒತ್ತಿದರೆ ಚೇಳು ಸೇರುತ್ತೆ. ಮಳೆ ಶುರುವಾದಾಗ ನೆತ್ತಿಗೆ ಮಾತ್ರ ಒಂದು ತಗಡು ಹೊದಿಸು, ಪಕ್ಕ ಮುಚ್ಚಬೇಡ. ದುರ್ಗದ ಗುಡ್ಡಗಳ ಮೇಲೆ ಆ ಗಾತ್ರದ ಗಾಳಿಯಂತ್ರ ತಿರುಗಿಸೋ ಗಾಳಿ ನಿನ್ನ ಹಿತ್ತಲಿಗೂ ಪುಕ್ಕಟೆ ಬರುತ್ತೆ, ಬರೋಕೆ ಬಿಡು.

ಹತ್ತಿ ಕಟ್ಟಿಗೆಯನ್ನ ಮಾತ್ರ ಚಳಿಗೆ ಅಂತ ಉಳಿಸಬೇಡ. ಒಣಗಿದ ಕಾಯೊಳಗೆ ಗುಲಾಬಿ ಹುಳ ಮಲಗಿರುತ್ತೆ, ಮುಂದಿನ ಬೆಳೆಗೆ ಎದ್ದು ಬರುತ್ತೆ. ಮುಂಗಾರಿಗೆ ಮೊದಲೇ ಉರಿಸಿ ಮುಗಿಸು. ತೆಂಗಿನ ಮಟ್ಟೆ, ಅಡಿಕೆ ಸಿಪ್ಪೆ, ಕುಳ್ಳು ಇವೆಲ್ಲ ಉರಿ ಹಚ್ಚೋಕೆ ಸರಿ, ಹಂಡೆ ಕಾಯಿಸೋಕೆ ಜಾಲಿ ಕೆಂಡವೇ ಬೇಕು. ಕಣಗಿಲೆ ಕಡ್ಡಿ ಒಂದೂ ಒಲೆಗೆ ಬೀಳದ ಹಾಗೆ ನೋಡಿಕೋ, ಅದರ ಹೊಗೆಯೂ ವಿಷ.

ಇಷ್ಟು ಹೇಳೋಕೆ ಕಾರಣವಿದೆ. ನನ್ನ ದೊಡ್ಡ ಮಗಳು ಬಾಣಂತನಕ್ಕೆ ಬಂದ ವರ್ಷ ನಾನು ದೀಪಾವಳಿ ಆದ ಮೇಲೆ ಒಂದು ಟ್ರ್ಯಾಕ್ಟರ್ ಸೌದೆ ಹಾಕಿಸಿದೆ. ಮೇಲಿನ ಸಾಲು ಒಣಗಿತ್ತು, ಕೆಳಗೆಲ್ಲ ಹಸಿ. ನಿಮ್ಮ ದೊಡ್ಡಮ್ಮ ಊದುಗೊಳವೆ ಊದಿ ಊದಿ ಕಣ್ಣು ಕೆಂಡ ಮಾಡಿಕೊಂಡಳು. ಬಚ್ಚಲಿನ ಹೊಗೆ ಬಾಣಂತಿ ಕೋಣೆಗೆ ನುಗ್ಗಿ ಕೂಸು ಕೆಮ್ಮೋಕೆ ಶುರುಮಾಡಿತು. ಕೊನೆಗೆ ಅಟ್ಟದ ಮೇಲಿದ್ದ ಹಳೇ ಕೂರಿಗೆ ಇಳಿಸಿ ಒಡೆದು ಒಲೆಗೆ ಹಾಕಿದೆ. ನಮ್ಮಪ್ಪ ಹಿಡಿದಿದ್ದ ಕೂರಿಗೆ. 40 ವರ್ಷ ಒಣಗಿದ್ದ ಮರ, ಏನು ಚೆನ್ನಾಗಿ ಉರೀತು ಅಂತೀಯ!

ಸೋಲಾರ್ ಇದೆಯಲ್ಲ ಅನ್ನಬೇಡ. ಸೈಕ್ಲೋನ್ ಮೋಡ ನಾಲ್ಕು ದಿನ ಕವಿದರೆ ಅದರ ನೀರಿನಲ್ಲಿ ಬಾಣಂತಿಗೆ ಎರೆಯೋಕಾಗಲ್ಲ, 14.2 ಕೆಜಿ ಸಿಲಿಂಡರನ್ನ ಹಂಡೆಗೆ ಸುರಿಯೋಕೂ ಆಗಲ್ಲ. ಬಚ್ಚಲೊಲೆಗೆ ಹೊಗೆ ಕೊಳವೆ ಇಡಿಸು. 1980ರ ದಶಕದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಮಾಡಿದ ಅಸ್ತ್ರ ಒಲೆಯ ಗುಟ್ಟೂ ಇಷ್ಟೇ: ಸಣ್ಣಗೆ ಸೀಳಿದ ಸೌದೆ, ಕೆಳಗಿಂದ ಗಾಳಿ, ಹೊಗೆಗೊಂದು ದಾರಿ. ಇನ್ನೊಂದು, ಚಳಿ ಅಂತ ಕೆಂಡದ ಬಾಂಡ್ಲಿ ಕೋಣೆಯೊಳಗಿಟ್ಟು ಬಾಗಿಲು ಹಾಕಿಕೊಂಡು ಮಲಗಬೇಡಿ. ಅದರ ಅನಿಲಕ್ಕೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತೆ. ನಿಮ್ಮಮ್ಮನಿಗೂ ಹೇಳು, ಅವಳು ಹಳೇ ಕಾಲದವಳು.

ಮಂಗಳವಾರ ಬೆಳಗ್ಗೆ ಬೆಣೆ, ಸುತ್ತಿಗೆ ತಗೊಂಡು ನಾನೇ ಬರ್ತೀನಿ. ನಿನ್ನ ಕೊಡಲಿಯ ಕಾವು ಸಡಿಲಾಗಿ ಅಲ್ಲಾಡ್ತಿತ್ತು, ನೋಡಿದೆ. ಸೋಮವಾರ ರಾತ್ರಿ ಅದನ್ನ ನೀರಿನಲ್ಲಿ ನೆನೆ ಹಾಕಿಡು.